ಎರಡು ಕಂಪ್ಯೂಟರುಗಳ ಮೌನವ್ರತ

ನಮ್ಮ ಚೈತ್ರ ಪಾಸಾದಳು!

ಇದನ್ನು ಮೊದಲೇ ಹೇಳಿ ಮುಗಿಸಿದೆ, ಇಲ್ಲದಿದ್ದರೆ ನನ್ನ ಹೊಟ್ಟೆ ಒಡೆದು ಹೋದೀತು. ಉಳಿದದ್ದನ್ನು ನಿಧಾನಕ್ಕೆ ಹೇಳುತ್ತೇನೆ. ಹೋದ ಸಲ ಯಾವ ಪರೀಕ್ಷೆಯಲ್ಲಿ ಫೇಲಾಗಿದ್ದಳೋ ಅದೇ ಪರೀಕ್ಷೆಯಲ್ಲಿ, ಅದೇ ಮೇಷ್ಟ್ರ ಎದುರಿಗೆ, ಎರಡು ಕಂಪ್ಯೂಟರುಗಳನ್ನು ಒಂದರೊಡನೊಂದು ಮಾತಾಡಿಸಿ ಪಾಸಾದಳು. ನನ್ನ ಮೊಮ್ಮಗಳು! ನನ್ನ ಮಗ ಶೀನನ ಮಗಳು ಎಂದೂ ಹೇಳಬಹುದಿತ್ತು. ಆದರೆ ಫೇಲಾದ ದಿನ ಅವನು "ಕಾಣ್ ಅಮ್ಮ, ನಿನ್ ಮೊಮ್ಮಗ್ಳ್ ಮಾಡದ್ ಕೆಲ್ಸ" ಎಂದು ಅವಳನ್ನು ಪೂರ್ತಿ ನನಗೇ ಬಿಟ್ಟುಕೊಟ್ಟಿದ್ದ. ಕೊಟ್ಟದ್ದನ್ನು ವಾಪಸು ಕೇಳುವುದು ಮರ್ಯಾದೆಯಲ್ಲ.

ಸುದ್ದಿ ಬಂದ ದಿನದಿಂದ ಇದನ್ನು ಕೇಳದೆ ಉಳಿದವರು ನಮ್ಮ ಕೇರಿಯಲ್ಲಿ ಯಾರೂ ಇಲ್ಲ. ಕೇಳಲು ಮನಸ್ಸಿಲ್ಲದವರನ್ನು ನಿಲ್ಲಿಸಿ ಹೇಳಿದ್ದೇನೆ. ಪಕ್ಕದ ಮನೆಯ ಬಾಬಿ ಮಾತ್ರ ಬಾವಿಕಟ್ಟೆಯಲ್ಲಿ ಕೊಡಪಾನ ಇಳಿಸಿ, "ಎಂತ? ಕಂಪ್ಯೂಟರ್ ಕಂಪ್ಯೂಟರ್ ಮಾತಾಡುದಾ? ಎಂತ ಮಾತಾಡ್ತೊ?" ಎಂದು ಕೇಳಿದಳು.

"ಮೀನಿನ ಸುದ್ದಿ," ಎಂದೆ.

"ಅಷ್ಟಕ್ಕೆ ಕಂಪ್ಯೂಟರ್ ಎಂತಕೆ ಮಾರಾಯ್ತಿ? ನಾವ್ ಸತ್ತ್ ಹೋಯ್ತಾ?"

ಅವಳಿಗೆ ತಿಳಿಸಿ ಹೇಳಲಿಕ್ಕೆ ನನಗೂ ತಾಳ್ಮೆಯಿಲ್ಲ, ಅವಳಿಗೂ ನೀರು ಸೇದುವುದಿತ್ತು. ಆದ್ದರಿಂದ ನಿಮಗೆ ಹೇಳುತ್ತೇನೆ. ನೀವು ಕೊಡಪಾನ ಹೊತ್ತುಕೊಂಡಿಲ್ಲ ಎಂದು ನಂಬಿದ್ದೇನೆ.

ಇಷ್ಟೆಲ್ಲ ನೆನಪಾದದ್ದು ಹಿತ್ತಿಲಲ್ಲಿ ಕಟ್ಟಿದ ಒಂದು ನೀಲಿ ವೈರಿನಿಂದ. ಚೈತ್ರಳಿಗೆಂದು ಬಂದ, ಎರಡು ಕಂಪ್ಯೂಟರುಗಳ ನಡುವೆ ಸಿಕ್ಕಿಸುವ ವೈರು ಅದು. ಪರೀಕ್ಷೆ ಮುಗಿದದ್ದೇ ತಡ, ನನ್ನ ಸೊಸೆ ಜಲಜ ಅದನ್ನು ತೆಂಗಿನಮರಕ್ಕೂ ನುಗ್ಗೆಮರಕ್ಕೂ ಬಿಗಿದು ಅದರ ಮೇಲೆ ಸೀರೆ ಒಣಗಿಸಿದ್ದಾಳೆ. ಎಷ್ಟು ಕಲಿತ ವೈರಾದರೂ ನಮ್ಮ ಮನೆಗೆ ಬಂದ ಮೇಲೆ ಕೆಲಸ ಮಾಡಿಯೇ ಉಣ್ಣಬೇಕು.

ನಾನು ನಾಲ್ಕನೇ ಕ್ಲಾಸಿನವರೆಗೆ ಹೋದವಳು. ಹೋದವಳು ಎಂದೆ, ಕಲಿತವಳು ಎನ್ನಲಿಲ್ಲ. ಮತ್ತೆ ಮೀನಿನ ಬುಟ್ಟಿ ತಲೆಗೇರಿತು, ಅಕ್ಷರಕ್ಕೆ ಅಲ್ಲಿ ಜಾಗವಾಗಲಿಲ್ಲ. ನಮ್ಮ ಮನೆ ತೆಕ್ಕಟ್ಟೆಯಿಂದ ಪಡುವಕ್ಕೆ, ಕಡಲ ಬದಿಯಲ್ಲಿ. ಬೆಳಿಗ್ಗೆ ಮೀನು ಹಿಡಿದುಕೊಂಡು ಬಸ್ಸು ಹತ್ತಿ ಶಂಕರನಾರಾಯಣದ ಕಡೆಯ ಮನೆಗಳಿಗೆ ಹೋಗುವುದು ನನ್ನ ಕೆಲಸ. ಬಸ್ಸಿನಲ್ಲಿ ನನ್ನ ಬುಟ್ಟಿಗೆ ಮೂಗು ಮುಚ್ಚುತ್ತಿದ್ದ ದೊಡ್ಡ ಮನುಷ್ಯರೇ ಇಳಿಯುವಾಗ "ಬಂಗ್ಡೆ ತಾಜಾ ಇತ್ತಾ?" ಎಂದು ಮೆಲ್ಲಗೆ ಕೇಳುತ್ತಿದ್ದರು. ಮೂಗು ಒಂದು ಜಾತಿ, ನಾಲಗೆ ಇನ್ನೊಂದು ಜಾತಿ.

ಇಂಥ ನನಗೆ ಚೈತ್ರ ಕಂಪ್ಯೂಟರು ಕಲಿಸಲು ಹೊರಟಳು. ಅವಳು ಪಾಲಿಟೆಕ್ನಿಕ್ಕಿನಲ್ಲಿ ಕಂಪ್ಯೂಟರಿನ ಡಿಪ್ಲೊಮಾ ಓದುತ್ತಿದ್ದವಳು. ಕಲಿಸುವ ಆಸೆಯಿಂದಲ್ಲ, ಯಾರಿಗಾದರೂ ಹೇಳಿದರೆ ತನಗೆ ಬಾಯಿಪಾಠ ಆಗುತ್ತದೆಂದು. ಮನೆಯಲ್ಲಿ ಎದ್ದು ಓಡಲಾಗದಂತೆ ಮೊಣಕಾಲು ನೋವಿದ್ದವಳು ನಾನೊಬ್ಬಳೇ.

"ಅಮ್ಮಮ್ಮ, ಇದ್ ಸಾಕೆಟ್ ಪ್ರೋಗ್ರಾಮಿಂಗ್," ಎಂದಳು ಒಂದು ದಿನ. ಸಾಕೆಟ್ಟೆಂದರೆ ಗೋಡೆಯಲ್ಲಿ ಇಸ್ತ್ರಿಪೆಟ್ಟಿಗೆ ಚುಚ್ಚುವ ಜಾಗ ಎಂದೇ ನಾನು ತಿಳಿದಿದ್ದೆ. ಅದಲ್ಲವಂತೆ. ಮೊದಲೆಲ್ಲ ಊರಿಗೊಂದು ಫೋನಿದ್ದಾಗ ಅಂಗಡಿಯವರ ಮನೆಗೆ ಓಡಿ ಹೋಗಿ ಕಿವಿಗೆ ಹಿಡಿಯುತ್ತಿದ್ದೆವಲ್ಲ, ಆ ಫೋನಿನ ಹಿಡಿಯ ಹಾಗೆ. ಈ ತುದಿಯಲ್ಲಿ ಒಂದು, ಆ ತುದಿಯಲ್ಲಿ ಒಂದು. ನಡುವೆ ಮಾತು ಯಾವ ಗುಡ್ಡ ಹತ್ತಿ ಯಾವ ಹೊಳೆ ದಾಟಿ ಹೋಗುತ್ತದೆಂದು ನಮಗೆ ಬೇಡ. ಈ ಹಿಡಿಯಲ್ಲಿ ಹೇಳಿದ್ದು ಆ ಹಿಡಿಯಲ್ಲಿ ಕೇಳಬೇಕು, ಅಷ್ಟೇ. ಒಂದು ಕಡೆಯವರು ಜಾಗ ಹಿಡಿದು ಕಿವಿ ತೆರೆದು ಕಾಯುವವರು, ಅವರು ಸರ್ವರ್. ಇನ್ನೊಂದು ಕಡೆಯವರು ಹುಡುಕಿಕೊಂಡು ಹೋಗಿ ಕರೆಯುವವರು, ಅವರು ಕ್ಲೈಂಟ್.

"ಹಾಂಗಾರೆ ನಾ ಸರ್ವರ್. ಮೀನ್ ಕೊಡುದ್ ನಾನಲ್ದಾ?"

"ಅಲ್ಲ ಅಮ್ಮಮ್ಮ. ನೀ ಮನಿ ಮನಿಗ್ ಹೋಯಿ ಕರೀತೆ ಅಲ್ದಾ? ನೀ ಕ್ಲೈಂಟ್. ಮನೆಲಿ ಕೂಕಂಡವ್ರ್ ಸರ್ವರ್."

ಬಿಸಿಲಲ್ಲಿ ನಡೆದು ಸೋತವಳು ಗಿರಾಕಿ, ಚಾವಡಿಯಲ್ಲಿ ಕಾಲು ಚಾಚಿ ಕೂತವರು ಸೇವೆ ಮಾಡುವವರು! ಈ ವಿದ್ಯೆಯನ್ನು ಕಂಡುಹಿಡಿದವರು ಯಾರೇ ಇರಲಿ, ಬುಟ್ಟಿ ಹೊತ್ತವರಲ್ಲ ಎಂದು ಆಗಲೇ ಗೊತ್ತಾಯಿತು. ಆಮೇಲೆ ನನ್ನ ಮೊಣಕಾಲು ಪೂರ್ತಿ ಕೈಕೊಟ್ಟು ನಾನು ಕುಂದಾಪುರದ ಮೀನು ಮಾರ್ಕೆಟಿನಲ್ಲಿ ಹಲಗೆ ಹಾಕಿ ಕೂತೆ. ಆಗ ಚೈತ್ರ, "ಈಗ ನೀ ಸರ್ವರ್ ಆದೆ ಕಾಣ್" ಎಂದು ಬಡ್ತಿ ಕೊಟ್ಟಳು. ಸಂಬಳ ಮಾತ್ರ ಹಿಂದಿನದ್ದೇ.

ಆದರೂ ಅವಳು ಹೇಳಿದ ಒಂದು ವಿಷಯ ನನಗೆ ಹಿಡಿಸಿತು. ಎರಡು ಕಂಪ್ಯೂಟರುಗಳು ಕಂಡ ಕೂಡಲೇ ಬಾಯಿಗೆ ಬಂದದ್ದು ಮಾತಾಡುವುದಿಲ್ಲವಂತೆ. ಮೊದಲು ಈಚೆಯದ್ದು ಕರೆಯಬೇಕು. ಆಚೆಯದ್ದು ಓಗೊಡಬೇಕು. ಈಚೆಯದ್ದು 'ನೀನು ಓಗೊಟ್ಟದ್ದು ಕೇಳಿತು' ಎನ್ನಬೇಕು. ಆಮೇಲೆ ಸುದ್ದಿ. ಇದನ್ನು ಹೇಳಿಕೊಡಲಿಕ್ಕೆ ಆ ಮೇಷ್ಟ್ರಿಗೆ ಅಷ್ಟು ಹೊತ್ತು ಬೇಕಾಯಿತಂತೆ. ನಮ್ಮ ಕಡೆ ಇದು ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಬೇಲಿಬಾಗಿಲ ದಣಪೆಯ ಹೊರಗೆ ನಿಂತು ನಾನು "ಹ್ವಾಯ್!" ಎನ್ನುವುದು. ಒಳಗಿನಿಂದ "ಯಾರದ್ ಹ್ವಾಯ್?" ಎನ್ನುವುದು. ನಾನು "ನಾನೇ ಹ್ವಾಯ್, ಮೀನಿನವ್ಳ್" ಎನ್ನುವುದು. ಈ ಮೂರು ಮಾತು ಆಗದೆ ಅಂಗಳಕ್ಕೆ ಕಾಲಿಟ್ಟರೆ ನಾಯಿ ಬಿಡುತ್ತಾರೆ. ಕಂಪ್ಯೂಟರಿಗೆ ನಾಯಿಯ ಹೆದರಿಕೆಯೂ ಇಲ್ಲ, ಆದರೂ ಇಷ್ಟು ಮರ್ಯಾದೆ ಇಟ್ಟುಕೊಂಡಿದೆಯಲ್ಲ ಎಂದು ಅದರ ಮೇಲೆ ಸ್ವಲ್ಪ ಗೌರವ ಬಂತು.

ಬಾಗಿಲಿನ ವಿಷಯವೂ ಹಾಗೆ. ಪ್ರತಿ ಕಂಪ್ಯೂಟರಿಗೂ ಮನೆಗಿದ್ದ ಹಾಗೆ ಒಂದು ವಿಳಾಸ, ಆ ಮನೆಗೆ ಹಲವು ಬಾಗಿಲು, ಬಾಗಿಲಿಗೊಂದು ನಂಬರು. ಆ ಬಾಗಿಲಿಗೆ ಪೋರ್ಟ್ ಎನ್ನುತ್ತಾರೆ. ಒಂದೊಂದು ಕೆಲಸಕ್ಕೆ ಒಂದೊಂದು ಬಾಗಿಲು. ತಪ್ಪಿದ ಬಾಗಿಲು ತಟ್ಟಿದರೆ ಓಗೊಡುವುದಿಲ್ಲ. "ಸಣ್ಣ ನಂಬ್ರದ್ ಬಾಗ್ಲೆಲ್ಲ ಮೊದ್ಲೇ ದೊಡ್ಡವ್ರಿಗ್ ಇಟ್ಟದ್ದ್. ನಾವ್ ದೊಡ್ಡ ನಂಬ್ರ ಹುಡ್ಕಣ್ಕ್," ಎಂದು ಚೈತ್ರ ಹೇಳಿದಾಗ ನನಗೆ ಶಂಕರನಾರಾಯಣದ ಕಡೆಯ ಒಂದು ದೊಡ್ಡ ಮನೆ ಕಣ್ಣಿಗೆ ಕಟ್ಟಿತು. ಎದುರಿನ ಬಾಗಿಲು ಪೇಟೆಯಿಂದ ಬರುವ ನೆಂಟರಿಗೆ, ಬದಿಯ ಬಾಗಿಲು ಗದ್ದೆಯ ಕೆಲಸದವರಿಗೆ, ಮೀನಿಗೆ ಬಚ್ಚಲಿನ ಪಕ್ಕದ ಹಿಂಬಾಗಿಲು. ಹೊಸತರಲ್ಲಿ ನನಗೆ ಗೊತ್ತಿಲ್ಲದೆ ಎದುರಿಗೇ ಹೋಗಿ ನಿಂತೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ, "ಮೀನಿನ್ ಬಾಗ್ಲ್ ಇದಲ್ಲ" ಎಂದರು. ನಾನು ಸುತ್ತು ಹಾಕಿ ಹಿಂದಿನಿಂದ ಕೊಟ್ಟ ಕಾಣೆ ಮೀನನ್ನು ಅವರೇ ಮಧ್ಯಾಹ್ನ ಬಾಳೆಲೆಗೆ ಹಾಕಿಸಿಕೊಂಡು ಚೀಪಿದರು. ಯಾವ ಬಾಗಿಲಿನಿಂದ ಒಳಗೆ ಬಂದದ್ದೆಂದು ನಾಲಗೆ ವಿಚಾರಿಸಿದ ಹಾಗೆ ಕಾಣಲಿಲ್ಲ.

ಇರಲಿ. ಮಾತು ಎಲ್ಲಿಗೋ ಹೋಯಿತು. ಮೀನು ಮಾರಿದವರ ಮಾತಿಗೆ ಲಗಾಮಿಲ್ಲ. ಫೇಲಾದ ಕಥೆ ಹೇಳಬೇಕು.

ಮೇಷ್ಟ್ರು ಪ್ರಾಕ್ಟಿಕಲ್ ಪರೀಕ್ಷೆಗೆ ಒಂದು ಕಟ್ಟಳೆ ಮಾಡಿದ್ದರು. ಎಲ್ಲರೂ ಪುಸ್ತಕದ್ದನ್ನೇ ನಕಲು ಮಾಡಬಾರದು, ತಮಗೆ ಗೊತ್ತಿದ್ದ ಯಾವುದಾದರೊಂದು ವ್ಯವಹಾರವನ್ನು ಎರಡು ಕಂಪ್ಯೂಟರು ಮಾತಾಡಿಕೊಳ್ಳುವ ಹಾಗೆ ತಾವೇ ಬರೆಯಬೇಕು. ಕೆಲವರು ಬ್ಯಾಂಕು ಬರೆದರು, ಕೆಲವರು ಬಸ್ ಸ್ಟ್ಯಾಂಡು ಬರೆದರು. ನಮ್ಮವಳು ಮೀನು ಮಾರ್ಕೆಟು ಬರೆದಳು. ಒಂದು ಕಂಪ್ಯೂಟರು ಮೀನು ಇಟ್ಟುಕೊಂಡು ಕೂತವಳು, ಇನ್ನೊಂದು ಕೊಳ್ಳಲು ಬಂದವಳು. ಪರೀಕ್ಷೆಯ ದಿನ ಕೊಳ್ಳುವವಳು ಕರೆದಳು, ಕೂತವಳು ಓಗೊಟ್ಟಳು, ಕನೆಕ್ಟ್ ಆಯಿತು. ಅಲ್ಲಿಂದ ಮುಂದೆ ಎರಡೂ ಸುಮ್ಮನೆ. ಒಂದು ಅಕ್ಷರ ಇಲ್ಲ. ಮೇಷ್ಟ್ರು ಸ್ವಲ್ಪ ಹೊತ್ತು ನೋಡಿದರು. "ಹ್ಯಾಂಗ್ ಆಗಿದೆ" ಎಂದು ತೀರ್ಪು ಕೊಟ್ಟು ಪಕ್ಕದ ಹುಡುಗನ ಬ್ಯಾಂಕಿಗೆ ಹೋದರು. ಸತ್ತದ್ದು ಯಾವುದರಿಂದ ಎಂದು ಹೇಳದೆ ಸತ್ತಿದೆ ಎಂದಷ್ಟೇ ಹೇಳಿ ಹೋಗುವ ಡಾಕ್ಟರರ ಹಾಗೆ.

ಅವಳು ಅಳುತ್ತ ಮನೆಗೆ ಬಂದ ದಿನ ಶೀನ ಊಟದ ತಟ್ಟೆ ದೂಡಿ ಎದ್ದ. ಅವನಿಗೆ ಬೋಟಿನ ಕೆಲಸ. ಕಡಲಿಗೆ ಹೋದವರಿಗೆ ಮಾತು ಕಮ್ಮಿ, ಬಂದದ್ದೂ ಗಟ್ಟಿ. "ಇನ್ನೊಂದ್ ಸಲ ಕಾಂಬ. ಅದ್ರಲ್ಲೂ ಹೋಯ್ತ್ ಅಂದ್ರೆ ಓದಿದ್ ಸಾಕ್. ಶೆಟ್ಲಿ ಸುಲಿಯುವ ಫ್ಯಾಕ್ಟರಿಗ್ ಹೋಯ್ಲಿ. ನಾನ್ ಅಲ್ಲಿಯವ್ರ್ ಹತ್ರ ಮಾತಾಡ್ತೆ" ಎಂದ. ಬರೀ ಬಾಯಿಮಾತಲ್ಲ. ಮರುದಿನವೇ ಹೋಗಿ ಮಾತಾಡಿಕೊಂಡೂ ಬಂದ.

ಸಿಗಡಿಯ ಫ್ಯಾಕ್ಟರಿ ಕೆಟ್ಟ ಜಾಗ ಎಂದು ನಾನು ಹೇಳುವುದಿಲ್ಲ. ನಮ್ಮ ಕೇರಿಯ ಅರ್ಧ ಹೆಂಗಸರು ಅದರಿಂದಲೇ ಉಂಡಿದ್ದಾರೆ. ಆದರೆ ಐಸಿನಲ್ಲಿ ಕೈಯಿಟ್ಟು ಇಟ್ಟು ಬೆರಳ ತುದಿ ಬಿಳಚಿ ಹೋಗುವುದನ್ನು ನಾನು ನೋಡಿದ್ದೇನೆ. ಆ ಬೆರಳುಗಳು ಕಂಪ್ಯೂಟರಿನ ಮೇಲೆ ಓಡುವುದನ್ನೂ ನೋಡಿದ್ದೇನೆ. ಎರಡನ್ನೂ ನೋಡಿದ ಮೇಲೆ ಸುಮ್ಮನಿರುವುದು ಕಷ್ಟ.

ಜಲಜಳ ತಮ್ಮ ಯಡ್ತರೆಯಲ್ಲಿ ಒಂದು ಇಂಟರ್ನೆಟ್ ಅಂಗಡಿ ಇಟ್ಟಿದ್ದ. ಜನ ಬರುತ್ತಿದ್ದರು, ಫ್ಯಾನಿನ ಕೆಳಗೆ ಕೂತು ಬೆವರು ಒಣಗಿಸಿಕೊಂಡು ಹೋಗುತ್ತಿದ್ದರು. ಗಾಳಿಗೆ ಬಿಲ್ಲು ಮಾಡಲಾಗದೆ ಅಂಗಡಿ ಮುಚ್ಚಿದ. ಅಕ್ಕನ ಮಗಳು ಫೇಲಾದ ಸುದ್ದಿ ಕೇಳಿ ಒಂದು ಹಳೇ ಕಂಪ್ಯೂಟರನ್ನೂ ಒಂದಿಷ್ಟು ನೀಲಿ ವೈರನ್ನೂ ಮೀನಿನ ಟೆಂಪೋದಲ್ಲಿ ಹಾಕಿ ಕಳಿಸಿದ. ಬರುವಾಗ ಅದಕ್ಕೆ ಬೈಗೆ ಮೀನಿನ ಪರಿಮಳ ಹಿಡಿದಿತ್ತು. ಹೊಸ ಸೊಸೆಯನ್ನು ಕರೆದುಕೊಂಡ ಹಾಗೆ ಬಾಗಿಲಲ್ಲಿ ಆರತಿ ಎತ್ತಿ ಒಳಗೆ ತಂದೆವು. ಆಯುಧಪೂಜೆಗೆ ಶೀನ ಬೋಟಿನ ಇಂಜಿನಿಗೆ ಹಚ್ಚಿದಷ್ಟೇ ಭಕ್ತಿಯಿಂದ ಅದಕ್ಕೂ ಗಂಧ ಹಚ್ಚಿದ. ಅಕ್ಷರದ ಗುಂಡಿಗಳ ಸಂದಿಗೆಲ್ಲ ಗಂಧ ಇಳಿದು ಉದ್ದದ ಗುಂಡಿ ಒತ್ತಿದ್ದು ಒತ್ತಿಯೇ ಉಳಿಯಿತು. ಚೈತ್ರ ಸೀಮೆಎಣ್ಣೆಯ ಬಟ್ಟೆ ಹಿಡಿದು ಕೂತಾಗ, "ದೇವ್ರ್ ಪ್ರಸಾದ ಹೆಣೆ, ಉಜ್ಜುಕಾಗ" ಎಂದು ಬುದ್ಧಿ ಹೇಳಿದವನೂ ಅವನೇ. ಓದು ಸಾಕು ಎಂದವನೇ ಓದುವ ಯಂತ್ರಕ್ಕೆ ಗಂಧ ಹಚ್ಚಿದನಲ್ಲ, ಈ ಗಂಡಸರನ್ನು ಯಾವ ನಂಬರಿನ ಬಾಗಿಲು ತಟ್ಟಿ ಅರ್ಥ ಮಾಡಿಕೊಳ್ಳಬೇಕೋ.

ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರು. ಇನ್ನೊಂದು ಇಲ್ಲದೆ ಯಾರೊಡನೆ ಮಾತಾಡಿಸುವುದು? ಅದಕ್ಕೂ ಉಪಾಯ ಇದೆಯಂತೆ. ಒಂದೇ ಪರದೆಯಲ್ಲಿ ಎರಡು ಕಿಟಕಿ ತೆರೆದು ಒಂದನ್ನು ಸರ್ವರ್ ಮಾಡಿ ಇನ್ನೊಂದನ್ನು ಕ್ಲೈಂಟ್ ಮಾಡಿ, ತನ್ನ ವಿಳಾಸಕ್ಕೆ ತಾನೇ ಕರೆಯುವುದು.

"ತನ್ನತ್ರ ತಾನೇ ಮಾತಾಡುದಾ?" ಎಂದೆ.

"ಹೌದ್ ಅಮ್ಮಮ್ಮ."

"ನಿನ್ ಅಜ್ಜಯ್ಯ ಹೋದಲ್ಲಿಂದ ನಾನ್ ಅದನ್ನೇ ಮಾಡ್ತಾ ಇದ್ದೆ. ನಂಗ್ಯಾರೂ ಡಿಪ್ಲೊಮಾ ಕೊಡ್ಲಿಲ್ಲೆ."

ಆದರೆ ಆ ಎರಡು ಕಿಟಕಿಗಳು ನನ್ನಷ್ಟೂ ಮಾತಾಡಲಿಲ್ಲ. ಕರೆದವು, ಓಗೊಟ್ಟವು, ಸುಮ್ಮನಾದವು. ಕಾಲೇಜಿನಲ್ಲಿ ಆದ ಹಾಗೆಯೇ. ಚೈತ್ರ ವಿಳಾಸ ಬದಲಿಸಿದಳು, ಬಾಗಿಲಿನ ನಂಬರು ಬದಲಿಸಿದಳು. ಒಮ್ಮೆ ನಂಬರು ಹಾಗೇ ಇಟ್ಟು ನಿಲ್ಲಿಸಿ ಮತ್ತೆ ಶುರು ಮಾಡಿದರೆ 'ಈ ಬಾಗಿಲಿನಲ್ಲಿ ಜನ ಇದ್ದಾರೆ' ಎಂದು ಬಂತಂತೆ, ಒಳಗೆ ಯಾರೂ ಇಲ್ಲದಿದ್ದರೂ. ಅದರಲ್ಲಿ ನನಗೇನೂ ಹೊಸತು ಕಾಣಲಿಲ್ಲ. ಮಾರ್ಕೆಟಿನಲ್ಲಿ ಒಬ್ಬಳು ಎದ್ದು ಹೋದ ಕೂಡಲೇ ಅವಳ ಹಲಗೆಯ ಮೇಲೆ ಇನ್ನೊಬ್ಬಳು ಕೂರಲಿ ನೋಡುವ, ಅವಳ ಹೆಸರು ಹೇಳಿ ಹತ್ತು ಬಾಯಿ ಜಗಳಕ್ಕೆ ಬರುತ್ತವೆ. ಸ್ವಲ್ಪ ಹೊತ್ತು ಬಿಟ್ಟರೆ ಯಾರೂ ಕೇಳುವುದಿಲ್ಲ. ಚೈತ್ರಳೂ ಸ್ವಲ್ಪ ಹೊತ್ತು ಬಿಟ್ಟಳು, ಬಾಗಿಲು ಸಿಕ್ಕಿತು. ಮಾತು ಮಾತ್ರ ಹೊರಡಲಿಲ್ಲ. ಪರೀಕ್ಷೆ ಹತ್ತಿರ ಬಂತು. ಅವಳು ಊಟ ಬಿಟ್ಟಳು. ಫ್ಯಾಕ್ಟರಿಯ ವ್ಯಾನು ನಮ್ಮ ಕೇರಿಗೆ ಬಂದು ಹಾರ್ನ್ ಹಾಕಿದಾಗಲೆಲ್ಲ ಅವಳ ತಲೆ ಕೆಳಗಾಗುವುದನ್ನು ನಾನು ನೋಡುತ್ತಿದ್ದೆ.

ಈಗ ನಮ್ಮ ಮನೆಯ ಇನ್ನೊಂದು ನೆಟ್‌ವರ್ಕಿನ ವಿಷಯ ಹೇಳದೆ ವಿಧಿಯಿಲ್ಲ. ಅದೇ ವಾರ ನನಗೂ ಜಲಜಳಿಗೂ ಮಾತಿರಲಿಲ್ಲ. ಕಾರಣ ದೊಡ್ಡದೇ. ಮೀನಿನ ಸಾರಿಗೆ ಅವಳು ತೆಂಗಿನಕಾಯಿ ಜಾಸ್ತಿ ಹಾಕಿದ್ದಳು. "ನಿಮ್ ಯಡ್ತರೆ ಬದಿಯಲ್ ಮೀನ್ ಸಿಕ್ಕುದಿಲ್ಯಾ? ಕಾಯಿ ಸಾರಿಗೆ ಮೀನಿನ ಒಗ್ಗರಣೆ ಹಾಕದ್ ಹಾಂಗಿತ್ತ್" ಎಂದು ನಾನು ತವರಿನವರನ್ನು ಎಳೆದೆ. ಅಲ್ಲಿಗೆ ಮಾತು ನಿಂತಿತು. ಇಂಥ ಹೊತ್ತಿನಲ್ಲಿ ನಮ್ಮ ಮನೆಯ ಪದ್ಧತಿಯೆಂದರೆ ಎಲ್ಲ ಮಾತೂ ಶೀನನ ಮೂಲಕ ಹೋಗುವುದು. "ನಿಮ್ ಅಮ್ಮಂಗ್ ಹೇಳಿ, ಬಿಸಿನೀರ್ ಕಾದಿತ್ತ್ ಅಂದೇಳಿ." "ಅವ್ಳಿಗ್ ಹೇಳಾ, ನಂಗ್ ಕಣ್ ಕಾಣ್ತ್ ಅಂದೇಳಿ." ನಾವು ಮೂವರೂ ಒಂದೇ ಕೋಣೆಯಲ್ಲಿ ಇರುತ್ತಿದ್ದೆವು ಎಂಬುದನ್ನು ಮರೆಯಬೇಡಿ.

ಬೋಟಿನ ಇಂಜಿನು ಕೆಟ್ಟು ಶೀನ ಮನೆಯಲ್ಲಿದ್ದ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಕಂಪ್ಯೂಟರು ಕಣ್ಣು ಮುಚ್ಚಿತು. ಚೈತ್ರ ಅದರೆದುರು ಕೂತು ಸ್ವಲ್ಪ ಹೊತ್ತು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು ಎದ್ದು ಬಂದು, "ಎಲ್ರೂ ಬನ್ನಿ, ಕರೆಂಟ್ ಇಲ್ದೆ ಮಾಡುವ. ನಾ ಬರ್ದದ್ದನ್ನ ನೀವ್ ಮಾಡಿ ತೋರ್ಸಿ. ಎಲ್ ನಿಲ್ತ್ ಅಂದೇಳಿ ಕಾಂಬ" ಎಂದಳು. ಮುಳುಗುವವಳು ಹುಲ್ಲು ಹಿಡಿಯುವುದೆಂದರೆ ಹೀಗೆ. ಆ ಹುಲ್ಲು ನಾವು.

"ಅಮ್ಮ, ನೀ ಸರ್ವರ್. ಅಡ್ಗಿ ಮನಿ ಹೊಸ್ಲಲ್ಲಿ ಕೂಕೋ. ಅಮ್ಮಮ್ಮ ಕ್ಲೈಂಟ್. ಜಗ್ಲಿಂದ ಹೋಯಿ ಕರೀಕ್. ಅಪ್ಪಯ್ಯ, ನೀ ವೈರ್."

"ನಾ ಈ ವಾರ ಪೂರ್ತಿ ವೈರೇ ಅಲ್ದಾ ಹೆಣೆ?" ಎಂದ ಶೀನ. "ಹೊಸ್ತ್ ಎಂತ ಕೆಲ್ಸ ಇಲ್ಲೆ."

"ನಾನ್ ಎಂತಕ್ ಮೊದ್ಲ್ ಕರೀಕ್?" ಎಂದೆ ನಾನು. "ನನ್ ಪ್ರಾಯ ಎಂತ, ಅವ್ಳ್ ಪ್ರಾಯ ಎಂತ?"

"ಅಮ್ಮಮ್ಮ! ಇದ್ ಪ್ರೋಗ್ರಾಮ್!"

ಮಗುವಿನ ಮುಖ ನೋಡಿ ಒಪ್ಪಿದೆ. ತೆಂಗಿನಮರದ ಕಡೆಗೆ ತಿರುಗಿ "ಹ್ವಾಯ್" ಎಂದೆ. ಶೀನ ನಾಲ್ಕು ಹೆಜ್ಜೆ ನಡೆದು ಹೆಂಡತಿಯ ಕಿವಿಯಲ್ಲಿ "ಹ್ವಾಯ್" ಎಂದ. ಅವಳು ಅನ್ನದ ಪಾತ್ರೆಗೆ "ಯಾರದ್?" ಎಂದಳು. ಶೀನ ಅದನ್ನು ತಂದು ನನಗೆ ಮುಟ್ಟಿಸಿದ. "ನಾನೇ" ಎಂದೆ. ಅದನ್ನೂ ಹೊತ್ತುಕೊಂಡು ಹೋದ.

"ಕನೆಕ್ಟ್ ಆಯ್ತ್," ಎಂದಳು ಚೈತ್ರ. "ಈಗ ನಾ ಬರ್ದ ಹಾಂಗೇ ಮಾಡಿ. ಇಬ್ರೂ ಸಮಾ ಕೇಣಿ. ಆಚಿಯವ್ರ್ ಹೇಳದ್ ಕೇಂಡ್ ಆದ್ಮೇಲೆ ನೀವ್ ಹೇಳಿ."

ಕಿವಿ ತೆರೆದು ಕೂತೆವು. ಜಲಜ ಅಲ್ಲಿ, ನಾನು ಇಲ್ಲಿ, ಮಧ್ಯದಲ್ಲಿ ಶೀನ ಕೈಕಟ್ಟಿ ನಿಂತ. ಅಂಗಳದಲ್ಲಿ ಒಣಗಲು ಹಾಕಿದ್ದ ಮೀನಿಗೆ ಕಾಗೆ ಬಂತು. ಓಡಿಸಬೇಕೆಂದರೆ ಬಾಯಿ ತೆರೆಯಬೇಕು. ತೆರೆದವಳು ಸೋತ ಹಾಗೆ. ಜಲಜಳೂ ಕಾಗೆಯನ್ನು ನೋಡಿದಳು, ಬಾಯಿ ಬಿಗಿ ಹಿಡಿದಳು. ಕಾಗೆ ನಮ್ಮಿಬ್ಬರ ಸ್ವಭಾವ ಗೊತ್ತಿದ್ದ ಹಾಗೆ ಒಂದೊಂದನ್ನೇ ಆರಿಸಿಕೊಂಡು ತಿಂದಿತು.

ಕೊನೆಗೆ ಶೀನನೇ ಕಿರುಚಿದ. "ಯಾರಾರ್ ಒಬ್ರ್ ಬಾಯ್ ಬಿಡಿ ಮಾರಾಯ್ರೆ! ವೈರಿಗ್ ಕಾಲ್ ನೋವ್ ಬಂತ್!"

"ಅವ್ಳ್ ಹೇಳ್ಲಿ," ಎಂದೆ.

"ಅವ್ರೇ ಹೇಳ್ಲಿ," ಎಂದಳು ಜಲಜ.

ಚೈತ್ರ ನನ್ನನ್ನು ನೋಡಿದಳು, ಅಮ್ಮನನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಅವಳ ಮುಖ ಕಂಡು ನನಗೆ ಹೆದರಿಕೆಯಾಯಿತು, ಓದಿ ಓದಿ ತಲೆಗೆ ಹತ್ತಿತೋ ಎಂದು. ಆಮೇಲೆ ಅವಳು ನಕ್ಕಳು. ಹೊಟ್ಟೆ ಹಿಡಿದುಕೊಂಡು, ಜಗಲಿಯಲ್ಲಿ ಕುಕ್ಕರಿಸಿ, ಕಣ್ಣಲ್ಲಿ ನೀರು ಬರುವವರೆಗೆ.

"ಎರಡೂ ಬದಿಯಲ್ ನಿನ್ನನ್ನೇ ಕೂರ್ಸಿದ್ದೆ ಅಮ್ಮಮ್ಮ! ಎರಡೂ ಬದಿಯಲ್ ಮೊದ್ಲ್ ಕೇಂಬುದೇ ಬರ್ದಿದ್ದೆ. ಮೊದ್ಲ್ ಹೇಳುವವ್ರೇ ಇಲ್ಲೆ!"

ವಿಷಯ ಇಷ್ಟೇ. ಮೀನಿನ ವ್ಯಾಪಾರದಲ್ಲಿ ಮೊದಲು ಬೆಲೆ ಹೇಳಿದವಳು ಸೋತಳು. ಗಿರಾಕಿ "ಎಷ್ಟ್ ಹ್ವಾಯ್?" ಎಂದರೆ ನಾವು "ನೀವೇ ಹೇಳಿ, ನಿಮಗ್ ಗೊತ್ತಿಲ್ದಿದ್ದದ್ದಾ" ಎನ್ನಬೇಕು. ಅವರ ಬಾಯಿಂದ ಒಂದು ಮಾತು ಬಿದ್ದ ಮೇಲೆ ನಮ್ಮದು. ರಜೆಯಲ್ಲಿ ನನ್ನ ಸೆರಗು ಹಿಡಿದು ಮನೆ ಮನೆ ಸುತ್ತಿದ ಹುಡುಗಿ ಇದನ್ನು ಅಆಇಈಗಿಂತ ಮೊದಲು ಕಲಿತಿದ್ದಳು. ಮಾರುವವಳನ್ನು ಹಾಗೆ ಬರೆದದ್ದು ಸರಿಯೇ. ಕೊಳ್ಳುವವಳನ್ನೂ ಹಾಗೇ ಬರೆದಿದ್ದಳು. ನಮ್ಮ ಮನೆಯಲ್ಲಿ ಬೇರೆ ಜಾತಿಯ ಹೆಂಗಸನ್ನು ಅವಳು ಕಂಡಿದ್ದರಲ್ಲವೇ? ಬ್ಯಾಂಕು ಬರೆದ ಹುಡುಗರಿಗೆ ಈ ತಪ್ಪು ಬರಲು ಸಾಧ್ಯವೇ ಇಲ್ಲ. ವಿಳಾಸ ಸರಿಯಿತ್ತು, ಬಾಗಿಲು ಸರಿಯಿತ್ತು, ಕರೆದದ್ದೂ ಸರಿ, ಓಗೊಟ್ಟದ್ದೂ ಸರಿ. ಎರಡು ಕಂಪ್ಯೂಟರುಗಳು ಎದುರುಬದುರು ಕೂತು 'ನೀವೇ ಹೇಳಿ' ಎಂದು ಮೌನವ್ರತ ಹಿಡಿದಿದ್ದವು, ಅಷ್ಟೆ.

ಕರೆಂಟು ಬಂದಾಗ ಅವಳು ಕೊಳ್ಳುವವಳ ಕಡೆಯಲ್ಲಿ ಎರಡು ಸಾಲನ್ನು ಹಿಂದೆಮುಂದೆ ಮಾಡಿದಳಂತೆ. ಮೊದಲು ಹೇಳು, ಆಮೇಲೆ ಕೇಳು. ಒಂದು ಕಿಟಕಿ 'ಎಂತ ಮೀನ್ ಇತ್ತ್?' ಎಂದಿತು. ಇನ್ನೊಂದು ಕಿಟಕಿ ಮರುಕ್ಷಣ 'ಬಂಗ್ಡೆ, ಕಾಣೆ' ಎಂದಿತು. ಶೀನ ಬಗ್ಗಿ ನೋಡಿ, "ಹ್ಞಾ, ಇದಕ್ಕಾ ಇಷ್ಟ್ ದಿನ?" ಎಂದು ಹೊರಗೆ ಹೋದ. ಹೋಗುವಾಗ ಕಾಗೆಗೆ ಕಲ್ಲು ಹೊಡೆದ.

ನಾನೂ ಜಲಜಳೂ ಅಂದು ಮಾತಾಡಿದೆವೆಂದು ತಿಳಿಯಬೇಡಿ. ನಮ್ಮನ್ನು ಸರಿಪಡಿಸುವ ಮಟ್ಟಕ್ಕೆ ವಿದ್ಯೆ ಇನ್ನೂ ಮುಂದುವರಿದಿರಲಿಲ್ಲ. ಮಾತು ಬಂದದ್ದು ಪರೀಕ್ಷೆಯ ಬೆಳಿಗ್ಗೆ. ಚೈತ್ರ ಚಪ್ಪಲಿ ಮೆಟ್ಟುತ್ತಿದ್ದಳು. ಜಲಜ ಒಳಗಿನಿಂದ ಬಂದು ನೇರ ನನ್ನ ಮುಖಕ್ಕೇ, "ಅತ್ತೆ, ನೀವ್ ಒಟ್ಟಿಗ್ ಹೋಯಿನಿ. ನಾ ಹೋದ್ರೆ ಅಲ್ಲಿ ಅತ್ತ್ ಬಿಡ್ತೆ" ಎಂದಳು. ನಾನು "ಆಯ್ತ್ ಮಗಾ" ಎಂದೆ. ಸಾರಿನ ವಿಷಯ ಇಬ್ಬರೂ ತೆಗೆಯಲಿಲ್ಲ.

ಕಾಲೇಜಿನಲ್ಲಿ ಕಾವಲುಗಾರ ನನ್ನನ್ನು ಒಳಗೆ ಬಿಡಲಿಲ್ಲ. ಕಂಪ್ಯೂಟರಿನ ಕೋಣೆಗೆ ಧೂಳು ಆಗುವುದಿಲ್ಲವಂತೆ. ನನ್ನನ್ನು ನೋಡಿಯೇ ಧೂಳಿನ ನೆನಪಾಯಿತು ಆ ಕಾವಲುಗಾರನಿಗೆ. ಹೊರಗೆ ಮೆಟ್ಟಿಲಲ್ಲಿ ಕೂತು ನನಗೆ ಗೊತ್ತಿದ್ದ ದೇವರುಗಳನ್ನೆಲ್ಲ ಕರೆದೆ. ಯಾವ ಬಾಗಿಲಿನಿಂದಲೂ ಓಗೊಟ್ಟ ಸದ್ದು ಕೇಳಲಿಲ್ಲ. ಒಳಗೆ ಆದದ್ದನ್ನು ಚೈತ್ರ ಆಮೇಲೆ ಹೇಳಿದಳು. ಕೋಣೆಯ ಆ ಮೂಲೆಯ ಕಂಪ್ಯೂಟರು ಮೀನು ಕೇಳಿತು, ಈ ಮೂಲೆಯದ್ದು ಮೀನು ಹೇಳಿತು, ಚೌಕಾಶಿ ಮಾಡಿದವು, ಕೊಟ್ಟವು, ಕೊಂಡವು, 'ನಾಳೆ ಬನ್ನಿ' ಎಂದು ಮುಗಿಸಿದವು. ಮೇಷ್ಟ್ರು ಬಿಡಲಿಲ್ಲ.

"ಮಾರುವವಳು ಬಂದು ಕೂರುವ ಮೊದಲೇ ಗಿರಾಕಿ ಬಂದರೆ?" ಎಂದು ಕೇಳಿದರು.

"ಖಾಲಿ ಹಲಗೆ ಕಂಡು ವಾಪಸು ಹೋಗಬೇಕು ಸರ್. ಅದಕ್ಕೇ ಸರ್ವರನ್ನು ಮೊದಲು ಶುರು ಮಾಡಬೇಕು."

"ಒಬ್ಬಳ ಜೊತೆ ಚೌಕಾಶಿ ನಡೆಯುವಾಗ ಇನ್ನೊಬ್ಬಳು ಬಂದರೆ?"

"ಸಾಲಿನಲ್ಲಿ ಕಾಯುತ್ತಾಳೆ ಸರ್. ಸಾಲು ತುಂಬಿದರೆ ಮಾತ್ರ ತೊಂದರೆ."

"ಹೋದ ಸಲ ಏನಾಗಿತ್ತು?"

"ಹೋದ ಸಲ ಕೊಳ್ಳುವವಳೂ ನಮ್ಮ ಅಮ್ಮಮ್ಮ ಆಗಿದ್ದರು ಸರ್."

ಮೇಷ್ಟ್ರಿಗೆ ಏನು ಅರ್ಥವಾಯಿತೋ, ನಕ್ಕರಂತೆ. ನಕ್ಕವರು ಅಂಕ ಕೊಡುತ್ತಾರೆಂಬ ಭರವಸೆಯಿಲ್ಲ. ಮಾರ್ಕೆಟಿನಲ್ಲಿ ನಕ್ಕು ನಕ್ಕು ಬರಿಗೈಯಲ್ಲಿ ಹೋದವರನ್ನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ಫಲಿತಾಂಶ ಬರುವವರೆಗೂ ನಮ್ಮ ಮನೆಯಲ್ಲಿ ಯಾರೂ ಜೋರಾಗಿ ಉಸಿರಾಡಲಿಲ್ಲ. ಶೀನ ಆ ದಿನಗಳಲ್ಲಿ ಪರೀಕ್ಷೆಯ ಸುದ್ದಿ ಎತ್ತಲಿಲ್ಲ, ಫ್ಯಾಕ್ಟರಿಯ ಸುದ್ದಿಯನ್ನೂ ಎತ್ತಲಿಲ್ಲ. ಅವನ ಸುಮ್ಮನಿರುವಿಕೆಯೇ ನನಗೆ ಭಯ.

ಸುದ್ದಿ ಬಂದ ಬೆಳಿಗ್ಗೆ ಚೈತ್ರ ಕುಂದಾಪುರದಿಂದ ಮನೆಗೆ ಫೋನು ಮಾಡಿದಳು. ನಾನೇ ಎತ್ತಿದೆ. "ಪಾಸ್ ಅಮ್ಮಮ್ಮ!" ಎಂಬುದು ಕೇಳಿದ ಮೇಲೆ ಫೋನನ್ನು ಎಲ್ಲಿ ಇಟ್ಟೆನೋ ನೆನಪಿಲ್ಲ, ಆಮೇಲೆ ಅಕ್ಕಿಡಬ್ಬಿಯಲ್ಲಿ ಸಿಕ್ಕಿತು. ಜಲಜ ನನ್ನನ್ನು ಅಪ್ಪಿಕೊಂಡಳು. ಮದುವೆಯಾಗಿ ಬಂದ ಮೇಲೆ ಮೊದಲ ಸಲ ಎಂದು ಕಾಣುತ್ತದೆ. ಇಬ್ಬರಿಗೂ ನಾಚಿಕೆಯಾಗಿ ಕೂಡಲೇ ಬಿಟ್ಟೆವು.

ಸಂಜೆ ಶೀನ ಒಂದು ಇಡೀ ಅಂಜಲ್ ಮೀನು ಹೆಗಲಿಗೆ ಹಾಕಿಕೊಂಡು ಬಂದ. ಅಂಜಲ್ ನಮ್ಮಂಥವರು ಹಿಡಿಯುವ ಮೀನು, ತಿನ್ನುವ ಮೀನಲ್ಲ. ಅದೇನಿದ್ದರೂ ಹೋಟೆಲಿನವರಿಗೆ. ಜಲಜ ಕುಯ್ದಳು, ನಾನು ಮಸಾಲೆ ಅರೆದೆ, ತೆಂಗಿನಕಾಯಿ ಎಷ್ಟು ಬೇಕಾದರೂ ಹಾಕಿಕೊಳ್ಳಲಿ ಎಂದು ಸುಮ್ಮನಿದ್ದೆ. ನಮ್ಮಲ್ಲಿ ಗಂಡಸರು ಉಂಡು ಎದ್ದ ಮೇಲೆ ಹೆಂಗಸರು ಕೂರುವುದು. ಅಂದು ಶೀನನೇ, "ಎಲ್ರೂ ಒಟ್ಟಿಗೇ ಉಂಬ, ಬನ್ನಿ" ಎಂದ. ಅನ್ನದ ಪಾತ್ರೆ, ಸಾರು, ಕಾವಲಿಯಲ್ಲಿ ಹುರಿದ ತುಂಡು, ಎಲ್ಲವನ್ನೂ ನಡುವೆ ಇಟ್ಟುಕೊಂಡು ನಾಲ್ವರೂ ಸುತ್ತ ಕೂತೆವು.

ನಾಲ್ಕು ತುತ್ತು ಆಗಿರಬಹುದು. ಚೈತ್ರ ತಟ್ಟೆ ನೋಡಿಕೊಂಡೇ ಕೇಳಿದಳು. "ಅಪ್ಪಯ್ಯ, ಫ್ಯಾಕ್ಟರಿಯವ್ರಿಗ್ ಎಂತ ಹೇಳ್ತೆ?"

"ಹೇಳಿ ಆಯ್ತ್," ಎಂದ ಶೀನ. "ನಮ್ ಹೆಣ್ಣ್ ಬತ್ತಿಲ್ಲೆ ಅಂದೇಳಿ."

"ಇವತ್ತಾ?"

ಅವನು ಸಾರು ಸುರಿದುಕೊಂಡ. ಅನ್ನ ಕಲಸಿದ. ಅಷ್ಟು ನಿಧಾನಕ್ಕೆ ಅವನು ಅನ್ನ ಕಲಸಿದ್ದನ್ನು ನಾನು ಕಂಡಿಲ್ಲ. "ಅಲ್ಲ," ಎಂದ. "ನಿನ್ ಪರೀಕ್ಷೆ ದಿನ. ನೀವ್ ಬಸ್ ಹತ್ತದ್ ಮೇಲೆ ಹೋಯಿ ಹೇಳ್ದೆ."

ಜಲಜಳ ಕೈ ಬಾಯಿಯ ಹತ್ತಿರ ನಿಂತಿತು. ಪಾಸಾಗುತ್ತಾಳೋ ಫೇಲಾಗುತ್ತಾಳೋ ದೇವರಿಗೇ ಗೊತ್ತಿಲ್ಲದ ದಿನ ಅದು. ಅಷ್ಟು ದಿನ ನಾವು ಮೂವರು ಉಸಿರು ಹಿಡಿದುಕೊಂಡು ಓಡಾಡುವುದನ್ನು ನೋಡುತ್ತ, ಒಂದು ಮಾತು ಹೇಳದೆ ಇದ್ದನಲ್ಲ ಈ ಮಹಾರಾಯ! ಬೈಯಬೇಕೆಂದು ಬಾಯಿ ತೆರೆದವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಚೈತ್ರ ತಲೆ ಎತ್ತಲಿಲ್ಲ. ಅವಳ ತಟ್ಟೆಗೆ ಟಪ್ಪೆಂದು ಕಣ್ಣೀರು ಬಿತ್ತು.

ಶೀನ ಗಡಿಬಿಡಿಯಿಂದ ಕಾವಲಿಯಲ್ಲಿದ್ದ ದೊಡ್ಡ ತುಂಡನ್ನು ಎತ್ತಿ ಅವಳ ಅನ್ನದ ಮೇಲೆ ಹಾಕಿದ. "ಉಣ್ ಹೆಣೆ, ಉಣ್. ಮುಳ್ಳ್ ಜಾಗ್ರತೆ," ಎಂದ.

ಅಂಜಲಿನ ತುಂಡಿನಲ್ಲಿ ನಡುವಿನ ಒಂದು ಎಲುಬು ಬಿಟ್ಟರೆ ಜಾಗ್ರತೆ ಮಾಡುವಂಥ ಮುಳ್ಳೇ ಇಲ್ಲವೆಂದು ಕಡಲಿನಲ್ಲೇ ದೊಡ್ಡವನಾದ ನನ್ನ ಮಗನಿಗೆ ಯಾರೂ ಹೇಳಿಕೊಡಲಿಲ್ಲ. ಚೈತ್ರ ಬಲು ಜಾಗ್ರತೆಯಿಂದ, ಇಲ್ಲದ ಮುಳ್ಳು ಬಿಡಿಸಿ ಬಿಡಿಸಿ, ಆ ತುಂಡನ್ನು ಪೂರ್ತಿ ತಿಂದಳು.